ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದರೆ ಮನೆಯವರು ಒಯ್ಯಬೇಕಾದ ಚೀಟಿ

ಅಮ್ಮನಿಗೆ ಸೊಂಟದ ಮೂಳೆಯ ಆಪರೇಷನ್ ಆಗಿ ಹನ್ನೆರಡನೇ ದಿನ. ಗುಬ್ಬಿಯ ಮನೆಯಲ್ಲಿ ಬಚ್ಚಲಿಗೆ ಹೋಗಿ ಬಂದವರು ಏದುಸಿರು ಬಿಡುತ್ತಾ ಕುಸಿದು ಕುಳಿತರು. ಗ್ಯಾಸ್ಟ್ರಿಕ್ ಎಂದು ನಾನೇ ತೀರ್ಮಾನಿಸಿ ಜೀರಿಗೆ ಕಷಾಯ ಕಾಯಿಸಿದೆ. ಮುಕ್ಕಾಲು ಗಂಟೆ ಹಾಳಾಯಿತು. ಎರಡು ದಿನದಿಂದ ಊದಿದ್ದ ಎಡ ಮೀನಖಂಡಕ್ಕೆ ಎಣ್ಣೆ ತಿಕ್ಕಿದವನೂ ನಾನೇ. ನೀವು ತಿಕ್ಕಬೇಡಿ, ಕಾಲಿನಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದೀತು.

ಆಪರೇಷನ್, ಹೆರಿಗೆ ಅಥವಾ ಬಹಳ ದಿನ ಮಲಗಿದ್ದ ಮೇಲೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ‘ಉಸಿರಾಟದ ತೊಂದರೆ’ ಎಂದಷ್ಟೇ ಹೇಳಬೇಡಿ. ‘ಆಪರೇಷನ್ ಆಗಿ 12 ದಿನ, ಒಂದೇ ಕಾಲು ಊದಿದೆ’ ಎನ್ನಿ.

ಹೆಪ್ಪು ಕೂರುವುದು ಶ್ವಾಸಕೋಶದಲ್ಲಿ, ಏಗಲಾರದೆ ಸೋಲುವುದು ಹೃದಯದ ಬಲಭಾಗ. ಹಾಗಾಗಿ ತುರ್ತು ವಿಭಾಗ, ಹೃದ್ರೋಗ, ಶ್ವಾಸಕೋಶ, ಸಿ.ಟಿ. ಸ್ಕ್ಯಾನ್, ಐಸಿಯು ವೈದ್ಯರೆಲ್ಲ ಕೂಡಿಯೇ ನಿರ್ಧರಿಸಬೇಕು. ಇದಕ್ಕೆಂದೇ ‘ಪರ್ಟ್’ ಎಂಬ ತಂಡವನ್ನು 2012ರಲ್ಲಿ ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಕಟ್ಟಿತು. ತುಮಕೂರಿನಲ್ಲಿ ನಾವು ಕಂಡ ತಂಡವೆಂದರೆ ಡ್ಯೂಟಿ ಡಾಕ್ಟರ್ ಮಾಡಿದ ಮೂರು ಫೋನ್ ಕರೆ. ಮೂಳೆ ವೈದ್ಯರನ್ನೂ ಸೇರಿಸಿಕೊಂಡರು, ಗಾಯ ಅವರದಲ್ಲವೇ.

ಪ್ರತಿಯೊಬ್ಬರೂ ಕೇಳಿದ್ದು ಅದೇ ಪ್ರಶ್ನೆಗಳನ್ನು. ಕೊನೆಗೆ ಔಷಧಿ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡೆ: ಆಪರೇಷನ್ ದಿನಾಂಕ, ಉಸಿರು ಕಟ್ಟಿದ ಹೊತ್ತು, ಹಿಂದೆ ಪಾರ್ಶ್ವವಾಯು, ಮೆದುಳಿನಲ್ಲಿ ರಕ್ತಸ್ರಾವ, ಹೊಟ್ಟೆಹುಣ್ಣು ಇತ್ತೇ, ಮೂತ್ರಪಿಂಡ ಹೇಗಿದೆ, ನುಂಗುವ ಮಾತ್ರೆಗಳು, ತೂಕ. ಸ್ಕ್ಯಾನ್‌ಗೆ ಕೊಡುವ ಬಣ್ಣದ ಔಷಧಿಗೆ ಮೂತ್ರಪಿಂಡದ ಲೆಕ್ಕ ಬೇಕು, ರಕ್ತ ತೆಳುವಾಗಿಸುವ ಹೆಪಾರಿನ್ ಇಂಜೆಕ್ಷನ್‌ಗೆ ತೂಕದ್ದು.

‘ಕರಗಿಸುವ ಇಂಜೆಕ್ಷನ್ ಏಕೆ ಕೊಡುವುದಿಲ್ಲ?’ ಎಂದು ನಾನು ಜಗಳಕ್ಕೇ ನಿಂತೆ. ಬಿ.ಪಿ.ಯ ಮೇಲಿನ ಅಂಕಿ 90ರ ಕೆಳಗಿಳಿದು ರೋಗಿ ಕುಸಿಯುತ್ತಿದ್ದರೆ ಅದರ ಮಾತು ಬೇರೆ. ಅಮ್ಮನದು 110 ಇತ್ತು, ಹಸಿ ಗಾಯ ಬೇರೆ, ಆ ಇಂಜೆಕ್ಷನ್ ಕೊಟ್ಟರೆ ಅಲ್ಲಿಂದ ರಕ್ತ ಸುರಿದೀತು. ಹೆಪಾರಿನ್ ಹೆಪ್ಪು ಬೆಳೆಯದಂತೆ ತಡೆಯುತ್ತದೆ, ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದರು. ಆದರೂ ಕೇಳಿದ್ದಕ್ಕೆ ನನಗೆ ನಾಚಿಕೆಯಿಲ್ಲ.

ಬೆಂಗಳೂರಿಗೆ ಕಳುಹಿಸಿದರೆ 70 ಕಿಲೋಮೀಟರ್ ದಾರಿ. ಅಲ್ಲಿ ಯಾವ ವೈದ್ಯರೊಂದಿಗೆ ಮಾತಾಗಿದೆ ಎಂದು ಕೇಳಿಕೊಳ್ಳಿ, ಸ್ಕ್ಯಾನ್ ಸಿ.ಡಿ. ಮರೆಯಬೇಡಿ.

ಬಿಡುಗಡೆಯ ದಿನ, ರಕ್ತ ತೆಳುವಾಗಿಸುವ ಮಾತ್ರೆಯ ಉಸ್ತುವಾರಿ ಯಾರದೆಂದು ಒಬ್ಬರ ಹೆಸರು ಬರೆಸಿಕೊಳ್ಳಿ. ಕನಿಷ್ಠ ಮೂರು ತಿಂಗಳು ನುಂಗಬೇಕು. ಅಷ್ಟು ದಿನ, ವೈದ್ಯರನ್ನು ಕೇಳದೆ ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ ಕೂಡದು, ರಕ್ತಸ್ರಾವವಾದೀತು. ಅಮ್ಮನ ಎಲೆಅಡಿಕೆ ಚೀಲದಿಂದ ನಾನು ಎರಡು ಸಲ ಅಂಥ ಮಾತ್ರೆ ಹೊರತೆಗೆದಿದ್ದೇನೆ.