ಗಿಡ ನೆಡುವುದು ಆಮೇಲೆ, ಮೊದಲು ಸ್ಯಾಕ್ರಿಸ್ಟಿ

ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಕಥೋಲಿಕ ಚರ್ಚು ಮತ್ತು ಅದಕ್ಕೆ ಸೇರಿದ ಜನರ ಸಮುದಾಯದಲ್ಲಿ, ಪರಿಸರ ಸಮಿತಿ ಮಾಡಬೇಕು ಅಂತ ತೀರ್ಮಾನವಾದಾಗ ಆ ಕೆಲಸ ನನ್ನ ಹೆಗಲಿಗೆ ಬಿತ್ತು. ಯಾರನ್ನು ಕೇಳಿದರೂ ಒಂದೇ ಸಲಹೆ: ಗಿಡ ನೆಡಿ. ಗಿಡ ನೆಡುವುದು ಒಳ್ಳೆಯದೇ, ಬೇಡ ಅನ್ನಲು ನಾನ್ಯಾರು? ಆದರೆ ಫೋಟೋ ತೆಗೆದಾದ ಮೇಲೆ ನೀರು ಹಾಕುವವರು ಯಾರು ಅಂತ ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ನನ್ನ ಯೋಚನೆ ಬೇರೆ ಇತ್ತು. ಭಾನುವಾರ ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಗೆ ಬರುವವರಿಗೆ ಇದು ಹೊರಗಿನಿಂದ ತಂದು ಅಂಟಿಸಿದ ಕಾರ್ಯಕ್ರಮ ಅನ್ನಿಸಬಾರದು. ಪ್ರಾರ್ಥನೆ ಮಾಡುವ ಹಾಗೆ, ಗುರುಗಳ ಮುಂದೆ ಪಾಪನಿವೇದನೆಗೆ ಹೋಗುವ ಹಾಗೆ ಇದೂ ವಿಶ್ವಾಸದ ಕೆಲಸವೇ ಅನ್ನಿಸಬೇಕು. ಅದಕ್ಕೆ ಗುದ್ದಲಿ ಹಿಡಿಯುವ ಮೊದಲು ಚರ್ಚಿನ ಒಳಗೆ ಈಗಾಗಲೇ ಏನಿದೆ ನೋಡೋಣ ಅಂದೆ.

ಶುರು ಮಾಡಿದ್ದು ಓದಿನಿಂದ. ಪರಿಸರದ ಕಾಳಜಿಯ ಬಗ್ಗೆ ಪೋಪ್ ಫ್ರಾನ್ಸಿಸ್ ಬರೆದ ಬೋಧನಾ ಪತ್ರ ‘ಲೌದಾತೋ ಸಿ’ ಪರಿಪತ್ರಕ್ಕೆ ಸಹಿ ಬಿದ್ದಿದ್ದು 2015ರ ಮೇ 24ರಂದು, ಹೊರಬಂದಿದ್ದು ಜೂನ್ 18ಕ್ಕೆ. 6 ಅಧ್ಯಾಯ, 246 ಪರಿಚ್ಛೇದ. ಇಷ್ಟನ್ನೂ ಒಂದೇ ಸಲ ಮುಂದಿಟ್ಟರೆ ಮುಂದಿನ ವಾರ ಯಾರೂ ಬರುವುದಿಲ್ಲ. ಹಾಗಾಗಿ ಮೊದಲ ಅಧ್ಯಾಯ ಬಿಟ್ಟು ಎರಡನೆಯದರಿಂದ ಶುರು ಮಾಡಿದೆವು. ಮೊದಲನೆಯದರಲ್ಲಿ ಮಾಲಿನ್ಯ, ನೀರಿನ ಕೊರತೆ, ಅಳಿಯುತ್ತಿರುವ ಜೀವಿಗಳ ವಿಚಾರ ಇದೆ. ಅದನ್ನೆಲ್ಲ ಜನ ಸುದ್ದಿಯಲ್ಲಿ ಕೇಳಿ ಕೇಳಿ ಸುಸ್ತಾಗಿರುತ್ತಾರೆ. ಎರಡನೆಯದರಲ್ಲಿ ಬೈಬಲ್ ಇದೆ. ನಮ್ಮವರಿಗೆ ಅಲ್ಲಿಂದ ದಾರಿ ಸಲೀಸು.

ಭೂಮಿಯನ್ನು ವಶಪಡಿಸಿಕೊಳ್ಳಿ, ಪ್ರಾಣಿಗಳ ಮೇಲೆ ಅಧಿಕಾರ ನಡೆಸಿ ಅನ್ನುವ ಆದಿಕಾಂಡ 1:28 ಎಲ್ಲರಿಗೂ ಗೊತ್ತು. ಮುಂದಿನ ಅಧ್ಯಾಯದ 15ನೇ ವಚನ ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸುವುದೇ ಅದನ್ನು ಸಾಗುಮಾಡಲಿಕ್ಕೆ ಮತ್ತು ಕಾಯಲಿಕ್ಕೆ. ಎರಡನ್ನೂ ಒಟ್ಟಿಗೆ ಓದಬೇಕು, ಮೊದಲನೆಯದನ್ನು ಹಿಡಿದು ಪ್ರಕೃತಿಯನ್ನು ದೋಚಲು ಅಪ್ಪಣೆ ಸಿಕ್ಕಿದೆ ಅಂದುಕೊಳ್ಳುವುದು ತಪ್ಪು ಅಂತ ಪರಿಪತ್ರದ 67ನೇ ಪರಿಚ್ಛೇದ ನೇರವಾಗಿ ಹೇಳುತ್ತದೆ. ಈ ಪ್ರಶ್ನೆ ಹಳೆಯದು. ಪರಿಸರದ ಬಿಕ್ಕಟ್ಟಿನ ಬೇರು ಪಾಶ್ಚಾತ್ಯ ಕ್ರೈಸ್ತ ಚಿಂತನೆಯಲ್ಲೇ ಇದೆ ಅಂತ ಲಿನ್ ವೈಟ್ ಎಂಬ ಇತಿಹಾಸಕಾರ 1967ರಲ್ಲೇ ಬರೆದಿದ್ದರು. ತಮಾಷೆ ಅಂದರೆ, ಪರಿಸರದ ಬಗ್ಗೆ ಯೋಚಿಸುವವರಿಗೆ ಅಸ್ಸಿಸಿಯ ಸಂತ ಫ್ರಾನ್ಸಿಸ್ ಪಾಲಕ ಸಂತರಾಗಲಿ ಅಂತ ಸೂಚಿಸಿದ್ದೂ ಅವರೇ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನು ಅಧಿಕೃತವಾಗಿ ಘೋಷಿಸಿಯೇಬಿಟ್ಟರು.

ಆದರೆ ನಮ್ಮ ಗುಂಪಿನಲ್ಲಿ ಬಿಸಿ ಏರಿಸಿದ್ದು ಯಾಜಕಕಾಂಡದ 25ನೇ ಅಧ್ಯಾಯ. ಏಳನೇ ವರ್ಷ ಹೊಲಕ್ಕೆ ವಿಶ್ರಾಂತಿ ಕೊಡಬೇಕು. ಭೂಮಿ ನನ್ನದು, ನೀವು ನನ್ನ ಬಳಿ ತಂಗಿರುವ ಪರದೇಶಿಗಳು ಅನ್ನುತ್ತಾನೆ ದೇವರು. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದ ಒಬ್ಬರು ತಲೆಯೆತ್ತಿ, ‘ಹಾಗಾದರೆ ನನ್ನ ಹೆಸರಿನಲ್ಲಿರುವ ಪತ್ರ?’ ಅಂದರು. ಎಲ್ಲರೂ ನಕ್ಕರು. ಆಮೇಲೆ ಅರ್ಧ ಗಂಟೆ ಅದೇ ಚರ್ಚೆ. ಪತ್ರ ಇರಲಿ, ಆಸ್ತಿಯೂ ಇರಲಿ, ಆದರೆ ಆ ಹಕ್ಕಿಗೆ ಒಂದು ಮಿತಿ ಇದೆ ಅನ್ನುವುದೇ ಕಥೋಲಿಕ ಧರ್ಮಸಭೆಯ ಮಾತು. ಸೃಷ್ಟಿಯ ಸಂಪತ್ತು ಮೊದಲು ಎಲ್ಲರಿಗಾಗಿ ಇರುವುದು, ನನ್ನ ಒಡೆತನದ ಮಾತು ಅದಾದ ಮೇಲೆ. ಅವತ್ತು ನಾನು ಹೆಚ್ಚು ಮಾತಾಡಲೇ ಇಲ್ಲ. ಒಳ್ಳೆಯ ವಚನ ಸಿಕ್ಕರೆ ಮಧ್ಯೆ ಬಾಯಿ ಹಾಕದೇ ಇರುವುದೇ ವಾಸಿ.

ವಿರೋಧ ಬರಲಿಲ್ಲವೇ ಅಂದರೆ, ಬಂತು. ದಿನಾ ಬಲಿಪೂಜೆಗೆ ಬರುವ ಹಿರಿಯರೊಬ್ಬರು, ‘ಆತ್ಮಗಳ ರಕ್ಷಣೆ ಬಿಟ್ಟು ಮರಗಳ ಪೂಜೆ ಶುರುವಾಯ್ತಾ?’ ಅಂತ ಕೇಳಿದರು. ನಾನು ಈ ಮಾತನ್ನು ತಳ್ಳಿಹಾಕುವವನಲ್ಲ. ಅವರ ಭಯಕ್ಕೆ ಅರ್ಥವಿದೆ. ಭೂಮಿಯನ್ನೇ ದೇವರು ಮಾಡಬಾರದು ಅಂತ ಪರಿಪತ್ರವೇ 90ನೇ ಪರಿಚ್ಛೇದದಲ್ಲಿ ಹೇಳುತ್ತದೆ. ಸೃಷ್ಟಿ ಬೇರೆ, ಸೃಷ್ಟಿಕರ್ತ ಬೇರೆ. ಇದನ್ನು ಬಿಟ್ಟರೆ ಅದು ಕಥೋಲಿಕ ನೋಟವೇ ಅಲ್ಲ. ‘ಇದೆಲ್ಲ ಪೋಪ್ ಫ್ರಾನ್ಸಿಸ್ ತಂದ ಹೊಸ ವಿಚಾರ’ ಅನ್ನುವವರೂ ಇದ್ದರು. ಅವರಿಗೆ ವಾದ ಬೇಕಿಲ್ಲ, ವರ್ಷಗಳು ಸಾಕು. ಹಿಂದಿನ ಪೋಪ್‌ಗಳಲ್ಲಿ ಆರನೇ ಪಾಲ್ 1971ರಲ್ಲೇ ಎಚ್ಚರಿಕೆ ಕೊಟ್ಟಿದ್ದರು. ಎರಡನೇ ಜಾನ್ ಪಾಲ್ 1990ರ ಜನವರಿ 1ರ ಶಾಂತಿ ದಿನದ ಸಂದೇಶವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟರು. 2010ರ ಸಂದೇಶದಲ್ಲಿ ಹದಿನಾರನೇ ಬೆನೆಡಿಕ್ಟ್, ಶಾಂತಿ ಬೇಕಾದರೆ ಸೃಷ್ಟಿಯನ್ನು ಕಾಪಾಡಿ ಅಂದರು. ಇನ್ನು ಕೆಲವರು ಜನಸಂಖ್ಯೆಯ ಮಾತು ತೆಗೆದರು. ಬಡವರು ಜಾಸ್ತಿ ಮಕ್ಕಳು ಮಾಡುವುದರಿಂದಲೇ ಇದೆಲ್ಲ ಅಂತ. ಈ ಮಾತಿನಲ್ಲಿ ಧರ್ಮಸಭೆ ಬೇರೆ ಹಲವರಿಂದ ಬೇರೆಯಾಗಿ ನಿಲ್ಲುತ್ತದೆ. ಕೆಲವರ ಅತಿಯಾದ ಬಳಕೆಯನ್ನು ಮುಟ್ಟದೆ ಜನಸಂಖ್ಯೆಯನ್ನು ದೂರುವುದು ಸಮಸ್ಯೆಯಿಂದ ತಪ್ಪಿಸಿಕೊಳ್ಳುವ ದಾರಿ ಅಂತ 50ನೇ ಪರಿಚ್ಛೇದ ಹೇಳುತ್ತದೆ. ನನಗೂ ಹಾಗೇ ಅನ್ನಿಸುತ್ತದೆ.

ಓದಿನ ನಂತರದ ಹೆಜ್ಜೆ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲಕ್ಕೆ ಸರಿಯಾಗಿ ಬಂತು. ಪಾಪನಿವೇದನೆಗೆ ಮುಂಚೆ ಆತ್ಮಪರಿಶೀಲನೆ ಮಾಡಲು ಒಂದು ಹಾಳೆ ಇರುತ್ತದೆಯಲ್ಲ, ಅದಕ್ಕೆ ನಾವು ಕೆಲವು ಪ್ರಶ್ನೆ ಸೇರಿಸಿದೆವು. ಎಲ್ಲಿ ಸೇರಿಸಬೇಕು ಅಂತ ಹುಡುಕುವಾಗ ಒಂದು ವಿಷಯ ಸಿಕ್ಕಿತು. ಧರ್ಮಸಭೆಯ ಬೋಧನೆಗಳನ್ನು ಒಟ್ಟುಗೂಡಿಸಿದ 1992ರ ಧರ್ಮೋಪದೇಶ ಗ್ರಂಥ ಸೃಷ್ಟಿಯ ವಿಚಾರವನ್ನು ಹೇಳುವುದು ಹತ್ತು ಕಟ್ಟಳೆಗಳಲ್ಲಿ ಏಳನೆಯದರ ಕೆಳಗೆ, ‘ಕದಿಯಬೇಡ’ ಅನ್ನುವ ಕಡೆ. 2415ರಿಂದ 2418ರವರೆಗಿನ ಪರಿಚ್ಛೇದಗಳು. ಇನ್ನೂ ಹುಟ್ಟದವರ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರಾಣಿಗಳನ್ನು ಕಾರಣವಿಲ್ಲದೆ ಹಿಂಸಿಸುವುದು ಮನುಷ್ಯನ ಘನತೆಗೇ ಕುಂದು. ಜೊತೆಗೇ, ಮನುಷ್ಯರ ಕಷ್ಟಕ್ಕೆ ಹೋಗಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ಸರಿಯಲ್ಲ ಅಂತಿದೆ. ನಾಯಿ ಸಾಕಿದ ಸದಸ್ಯರೊಬ್ಬರು ಇದನ್ನು ಎರಡು ಸಲ ಓದಿದರು.

ನಾವು ಬರೆದ ಪ್ರಶ್ನೆಗಳು ಸರಳ. ನನಗೆ ಬೇಡದ್ದನ್ನು ಅಗ್ಗ ಅಂತ ಕೊಂಡು ಎಸೆದಿದ್ದೇನೆಯೇ? ನನ್ನ ಕಸ ಯಾರ ಮನೆಯ ಮುಂದೆ ಹೋಗಿ ಬೀಳುತ್ತದೆ ಅಂತ ಗೊತ್ತಿದ್ದೂ ಸುಮ್ಮನಿದ್ದೇನೆಯೇ? ಊಟದ ಮುಂಚೆ ದೇವರಿಗೆ ಕೃತಜ್ಞತೆ ಹೇಳಿ, ಆಮೇಲೆ ತಟ್ಟೆಯಲ್ಲಿ ಬಿಟ್ಟು ಎದ್ದಿದ್ದೇನೆಯೇ? ನಮ್ಮ ಧರ್ಮಕೇಂದ್ರದ ಹೊಣೆ ಹೊತ್ತ ವಿಚಾರಣಾ ಗುರುಗಳು ಪಟ್ಟಿ ನೋಡಿ ಎರಡು ಪ್ರಶ್ನೆ ಹೊಡೆದುಹಾಕಿದರು. ಒಂದು ಏರ್ ಕಂಡೀಷನರ್ ಬಗ್ಗೆ, ಇನ್ನೊಂದು ಸ್ವಂತ ವಾಹನದ ಬಗ್ಗೆ. ಕಾಯಿಲೆಯವರು, ವಯಸ್ಸಾದವರು ಇದನ್ನು ಓದಿ ಸುಮ್ಸುಮ್ನೆ ಕೊರಗಬಾರದು ಅಂದರು. ಗೊತ್ತಿದ್ದು, ಬೇರೆ ದಾರಿ ಇದ್ದೂ ಮಾಡಿದ್ದು ಮಾತ್ರ ಪಾಪನಿವೇದನೆಗೆ ಬರುವ ವಿಷಯ. ಒಪ್ಪಿದೆ. ಪರಿಸರದ ಮಾತಾಡುವವರಲ್ಲಿ ಇನ್ನೊಬ್ಬರನ್ನು ಅಳೆಯುವ ಚಟ ಬೇಗ ಬೆಳೆಯುತ್ತದೆ.

ಈಗ ಸ್ಯಾಕ್ರಿಸ್ಟಿಗೆ, ಅಂದರೆ ಬಲಿಪೂಜೆಯ ಸಾಮಾನು ಇಟ್ಟು ಸಿದ್ಧತೆ ಮಾಡಿಕೊಳ್ಳುವ ಚರ್ಚಿನ ಕೋಣೆಗೆ ಬರೋಣ. ನನ್ನ ಪ್ರಕಾರ ನಿಜವಾದ ಕೆಲಸ ನಡೆದದ್ದು ಇಲ್ಲೇ. ಬಲಿಪೀಠದ ಹೂಗಳನ್ನು ಜೋಡಿಸಲು ಹಸಿರು ಬಣ್ಣದ ಮೆತ್ತನೆಯ ಇಟ್ಟಿಗೆ ಬಳಸುತ್ತಾರೆ, ನೋಡಿದ್ದೀರಾ? ನೀರು ಹೀರಿಕೊಳ್ಳುತ್ತದೆ, ಕಡ್ಡಿ ಚುಚ್ಚಿದರೆ ನಿಲ್ಲುತ್ತದೆ. ಅದು ಪ್ಲಾಸ್ಟಿಕ್. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಕೈ ತೊಳೆದರೆ ಆ ಹಸಿರು ಪುಡಿ ನೀರಿನ ಜೊತೆ ಹೋಗುತ್ತದೆ. ಅದು ಕೊಳೆಯುವುದಿಲ್ಲ, ಇನ್ನೂ ಸಣ್ಣ ಚೂರಾಗುತ್ತದೆ ಅಷ್ಟೇ. ಹೂ ಜೋಡಿಸುವ ಮಹಿಳೆಯರಿಗೆ ನಾನು ಉಪದೇಶ ಮಾಡಲಿಲ್ಲ. ಒಂದು ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಕಿವುಚಿ ಮೇಜಿನ ಮೇಲಿಟ್ಟೆ. ಮುಂದಿನ ದಾರಿ ಅವರೇ ಹುಡುಕಿದರು. ತಂತಿ ಬಲೆಯನ್ನು ಉಂಡೆ ಮಾಡಿ ಪಾತ್ರೆಯ ಒಳಗೆ ಕೂರಿಸಿದರೆ ಕಡ್ಡಿಗಳು ಗಟ್ಟಿಯಾಗಿ ನಿಲ್ಲುತ್ತವೆ. ತೊಳೆದು ಮತ್ತೆ ಮತ್ತೆ ಬಳಸಬಹುದು. ಮೊಳೆ ಹಾಸಿದ ಹಿತ್ತಾಳೆಯ ಬಿಲ್ಲೆಗಳೂ ಸಿಗುತ್ತವೆ.

ಹೂ ಕಡಿಮೆ ಮಾಡಿ ಅಂತ ಹೇಳಬೇಕಾದಾಗ ಪರಿಸರದ ಹೆಸರೇ ಎತ್ತಲಿಲ್ಲ. ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳ 305ನೇ ಅಂಶ ತೋರಿಸಿದೆ. ಹೂವಿನ ಅಲಂಕಾರ ಮಿತವಾಗಿರಬೇಕು, ಬಲಿಪೀಠದ ಮೇಲೆ ಇಡುವುದಕ್ಕಿಂತ ಸುತ್ತ ಇಡಬೇಕು, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಹಿಡಿತವಿರಬೇಕು, ತಪಸ್ಸು ಕಾಲದಲ್ಲಿ ನಾಲ್ಕನೇ ಭಾನುವಾರ ಮತ್ತು ಹಬ್ಬಗಳನ್ನು ಬಿಟ್ಟು ಬಲಿಪೀಠಕ್ಕೆ ಹೂವೇ ಬೇಡ. ನಿಯಮ ಮೊದಲಿನಿಂದಲೂ ಇದೆ, ನಾವು ಮರೆತಿದ್ದೆವು ಅಷ್ಟೇ.

ಮಕ್ಕಳನ್ನು ಸ್ಯಾಕ್ರಿಸ್ಟಿಗೆ ಕರೆದುಕೊಂಡು ಹೋದಾಗ ಅವರಿಗೆ ಇಷ್ಟವಾದದ್ದು ಮೂಲೆಯ ತೊಟ್ಟಿ, ಸ್ಯಾಕ್ರೇರಿಯಂ. ಅದರ ಕೊಳವೆ ಚರಂಡಿಗೆ ಸೇರುವುದಿಲ್ಲ, ನೇರ ಮಣ್ಣಿಗೆ ಇಳಿಯುತ್ತದೆ. ಬಲಿಪೀಠದ ಮೇಲೆ ಬಳಸುವ ಬಟ್ಟೆಗಳನ್ನು ಮೊದಲ ಸಲ ತೊಳೆದ ನೀರು ಅಲ್ಲಿಗೇ ಹೋಗಬೇಕು. ‘ಯಾಕೆ ಮಣ್ಣಿಗೆ?’ ಅಂತ ಒಬ್ಬ ಹುಡುಗ ಕೇಳಿದ. ಪವಿತ್ರವಾದದ್ದನ್ನು ಒಪ್ಪಿಸಲು ಮಣ್ಣೇ ಯೋಗ್ಯ ಜಾಗ ಅಂತ ಧರ್ಮಸಭೆ ನಂಬುತ್ತದೆ ಅಂದೆ. ‘ಹಾಗಾದ್ರೆ ಹೊರಗಡೆ ಮಣ್ಣಲ್ಲಿ ಪ್ಲಾಸ್ಟಿಕ್ ಯಾಕಿದೆ?’ ಅಂತ ಮರುಪ್ರಶ್ನೆ ಬಂತು. ಆ ಕಸ ಹೆಕ್ಕಲು ಆ ಮಕ್ಕಳೇ ಹೊರಟರು, ನಾನು ಚೀಲ ಹಿಡಿದು ಹಿಂದೆ ಹೋದೆ. ಈಸ್ಟರ್ ಹಿಂದಿನ ಪಾಸ್ಕ ಜಾಗರಣೆಯ ರಾತ್ರಿ ಹಾಡುವ ಸ್ತುತಿಗೀತೆಯಲ್ಲಿ ಬತ್ತಿಗೆ ಮೇಣ ಕೊಟ್ಟ ಜೇನುನೊಣಗಳ ಶ್ರಮದ ಮಾತು ಬರುತ್ತದೆ. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದ ಬೂದಿ ಹಿಂದಿನ ವರ್ಷ ಗರಿಗಳ ಭಾನುವಾರ ಹಿಡಿದ ಎಲೆಗರಿಗಳನ್ನು ಸುಟ್ಟು ಮಾಡಿದ್ದು. ಧರ್ಮೋಪದೇಶದ ತರಗತಿಗೆ ಇವೆಲ್ಲ ರೆಡಿಯಾಗಿಯೇ ಸಿಗುವ ಪಾಠಗಳು.

ಸೆಪ್ಟೆಂಬರ್ 1 ಸೃಷ್ಟಿಯ ಕಾಳಜಿಗಾಗಿ ಪ್ರಾರ್ಥನೆಯ ದಿನ. ಆರ್ಥೊಡಾಕ್ಸ್ ಸಭೆಯಲ್ಲಿ 1989ರಿಂದ ಇತ್ತು, ಪೋಪ್ ಫ್ರಾನ್ಸಿಸ್ 2015ರಲ್ಲಿ ನಮ್ಮಲ್ಲೂ ತಂದರು. ಅಲ್ಲಿಂದ ಅಕ್ಟೋಬರ್ 4ರ ಸಂತ ಫ್ರಾನ್ಸಿಸ್ ಹಬ್ಬದವರೆಗೆ ಸೃಷ್ಟಿಯ ಕಾಲ. 2025ರಲ್ಲಿ ಇದಕ್ಕೇ ಅಂತ ಹೊಸ ಬಲಿಪೂಜಾ ಪ್ರಾರ್ಥನೆಗಳೂ ಬಂದವು. ಆ ಜುಲೈ 9ರಂದು ಪೋಪ್ ಹದಿನಾಲ್ಕನೇ ಲಿಯೋ ಅವರು ರೋಮ್ ಹತ್ತಿರದ ಕಾಸ್ಟೆಲ್ ಗಂಡೋಲ್ಫೋದ ತೋಟದಲ್ಲಿ ಅವನ್ನು ಬಳಸಿ ಬಲಿಪೂಜೆ ಅರ್ಪಿಸಿದರು. ನಾವು ಈ ಬಲಿಪೂಜೆಯನ್ನು ಭಾನುವಾರ ಬಿಟ್ಟು ವಾರದ ಒಂದು ದಿನ ಇಟ್ಟುಕೊಂಡೆವು. ಬಂದವರು ಕಡಿಮೆ, ಆದರೆ ಬಂದವರು ಬೇಗ ಹೊರಡಲಿಲ್ಲ.

ನನ್ನ ನೋಟವನ್ನು ಹೆಚ್ಚು ಬದಲಿಸಿದ್ದು ಮಾತ್ರ ಚರ್ಚಿನ ಕಸ ಎತ್ತುವ ಮಹಿಳೆ. ಹಬ್ಬದ ಮಾರನೇ ದಿನ ಎಲ್ಲ ಒಂದೇ ಚೀಲದಲ್ಲಿ ಬೆರೆತಿರುತ್ತದೆ. ಅದನ್ನು ಬೇರೆ ಮಾಡುವುದು ಅವರ ಕೈ. ಕಸ ವಿಂಗಡಣೆಯ ಯೋಜನೆ ಬರೆಯುವ ಮುಂಚೆ ಅವರ ಜೊತೆ ಕೂತು ಕೇಳಿದೆ. ಅಂಗೈ ಚಾಚಿ ತೋರಿಸಿದರು. ಗಾಜು ಕುಯ್ದ ಗುರುತುಗಳು. ‘ಒಡೆದ ಗಾಜನ್ನ ಪೇಪರಲ್ಲಿ ಸುತ್ತಿ ಬೇರೆ ಇಟ್ಟರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ’ ಅಂದರು. ನಮ್ಮ ಯೋಜನೆಯಲ್ಲಿ ನಾಲ್ಕು ಬಣ್ಣದ ಡಬ್ಬಿಗಳಿದ್ದವು, ಗಾಜಿನ ಮಾತೇ ಇರಲಿಲ್ಲ. ಪರಿಸರದ್ದೊಂದು, ಸಮಾಜದ್ದೊಂದು ಅಂತ ಎರಡು ಬಿಕ್ಕಟ್ಟುಗಳಿಲ್ಲ, ಇರುವುದು ಒಂದೇ ಅಂತ 139ನೇ ಪರಿಚ್ಛೇದ ಹೇಳುತ್ತದೆ. ಭೂಮಿಯ ಕೂಗು, ಬಡವರ ಕೂಗು ಎರಡನ್ನೂ ಒಟ್ಟಿಗೆ ಕೇಳಿ ಅಂತ 49ನೆಯದು. ಆ ಮೇಲೆ ಯಾವುದೇ ಯೋಜನೆ ಮಾಡಿದರೂ ಇದರ ಭಾರ ಯಾರ ಕೈಗೆ ಬೀಳುತ್ತದೆ ಅಂತ ಮೊದಲು ಕೇಳುತ್ತೇವೆ. ಆ ಮಹಿಳೆ ಈಗ ಸಮಿತಿಯ ಸದಸ್ಯೆ. ಸಭೆಗೆ ಕೂರುವ ಸಮಯಕ್ಕೂ ಸಂಬಳ ಕೊಡಬೇಕು ಅಂತ ಹಟ ಹಿಡಿದು ಒಪ್ಪಿಸಿದೆವು.

ವಿದ್ಯುತ್ತಿನ ಕತೆ ಚಿಕ್ಕದು. ದೀಪ ಬದಲಿಸಿದೆವು, ಬಲಿಪೂಜೆ ಮುಗಿದ ಮೇಲೆ ಫ್ಯಾನ್ ಆರಿಸಲು ಒಬ್ಬರನ್ನು ನೇಮಿಸಿದೆವು. ಸೌರಫಲಕಗಳ ವಿಷಯ ಹಣಕಾಸು ಸಮಿತಿಯಲ್ಲಿ ಬಂದಾಗ ಚರ್ಚಿನ ಅಂದ ಕೆಡುತ್ತದೆ ಅಂತ ಆಕ್ಷೇಪ ಬಂತು. 2008ರಲ್ಲಿ ವ್ಯಾಟಿಕನ್ನಿನ ಆರನೇ ಪಾಲ್ ಸಭಾಂಗಣದ ಛಾವಣಿಗೇ ಹಾಕಿದ್ದಾರೆ ಅಂದ ಮೇಲೆ ಆ ಮಾತು ನಿಂತಿತು.

ಈಗ ಅದೇ ಸಮಿತಿಯ ಮುಂದೆ ಕಷ್ಟದ ಪ್ರಶ್ನೆಯೊಂದಿದೆ. ಧರ್ಮಕೇಂದ್ರದ ಉಳಿತಾಯದ ಹಣ ಎಲ್ಲೆಲ್ಲಿ ಹೂಡಿಕೆಯಾಗಿದೆ? ಪರಿಸರ ಕೆಡಿಸುವ ಉದ್ದಿಮೆಗಳಿಂದ ಹಣ ಹಿಂತೆಗೆಯುವ ವಿಚಾರವನ್ನು ವ್ಯಾಟಿಕನ್ 2020ರ ಜೂನ್‌ನಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ಎತ್ತಿದೆ. ಕಲ್ಲಿದ್ದಲು, ತೈಲದ ಕಂಪನಿಗಳೂ ಅದರಲ್ಲಿ ಬರುತ್ತವೆ. ಖಜಾಂಚಿಯವರು ಬಡ್ಡಿ ಕಡಿಮೆಯಾದರೆ ಬಡವರ ನಿಧಿಗೇ ಹೊಡೆತ ಅಲ್ವಾ ಅನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಅದಕ್ಕೆ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಬರೆದು ಒಂದು ಪುಟ ತಯಾರು ಮಾಡುತ್ತಿದ್ದೇವೆ, ಖಜಾಂಚಿಯವರೂ ನಾವೂ ಒಟ್ಟಿಗೇ ಕೂತು.