ಫ್ಯಾಂಟಮ್‌ಗೂ ಕಿಳ್ಳೇಕ್ಯಾತನಿಗೂ ಒಂದೇ ಮುಖಪುಟ

ಬಳ್ಳಾರಿಯಲ್ಲಿ ನನ್ನದು ಡಿಟಿಪಿ ಮತ್ತು ಫ್ಲೆಕ್ಸ್ ಡಿಸೈನ್ ಕೆಲಸ. ಹಗಲೆಲ್ಲ ಜಾತ್ರೆ, ಮದುವೆ, ಹುಟ್ಟುಹಬ್ಬದ ಬ್ಯಾನರ್. ರಾತ್ರಿ ಅದೇ ಕಂಪ್ಯೂಟರಿನಲ್ಲಿ, ಎಂದೂ ಅಚ್ಚಾಗದ ಕಾಮಿಕ್ಸ್‌ಗಳಿಗೆ ಮುಖಪುಟ ಮಾಡುತ್ತೇನೆ. ಬೇರೆ ಬೇರೆ ಕಥೆಗಳ ನಾಯಕರು ಒಂದೇ ಪುಟದಲ್ಲಿ ಎದುರಾಗುವಂಥವು. 1976ರಲ್ಲಿ ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನ್ ಒಂದೇ ಪುಸ್ತಕಕ್ಕೆ ಬರಲು ಡಿಸಿ, ಮಾರ್ವೆಲ್ ಎರಡೂ ಕಂಪನಿಗಳು ಕೈಜೋಡಿಸಬೇಕಾಯಿತು. ಕಲ್ಪನೆಯ ಮುಖಪುಟಕ್ಕೆ ಯಾವ ಒಪ್ಪಂದವೂ ಬೇಡ. ಆದರೆ ಇಬ್ಬರೂ ಒಂದೇ ಬೆಳಕಿನಲ್ಲಿ ನಿಂತಿರಬೇಕು, ಒಂದೇ ಕೈ ಬರೆದಂತಿರಬೇಕು. ಇಲ್ಲದಿದ್ದರೆ ಅದು ಎರಡು ಚಿತ್ರ ಅಂಟಿಸಿದ ಬ್ಯಾನರ್ ಅಷ್ಟೆ.

ನನಗೆ ಅತ್ಯಂತ ಪ್ರಿಯವಾದದ್ದು ಫ್ಯಾಂಟಮ್ ಮತ್ತು ಕಿಳ್ಳೇಕ್ಯಾತನ ಮುಖಪುಟ. 1936ರಲ್ಲಿ ಲೀ ಫಾಕ್ ಹುಟ್ಟಿಸಿದ ಮುಸುಕುಧಾರಿ ಕಾಮಿಕ್ಸ್ ನಾಯಕ ಫ್ಯಾಂಟಮ್ 1964ರಿಂದ ಇಂದ್ರಜಾಲ ಕಾಮಿಕ್ಸ್ ಮೂಲಕ ನಮ್ಮ ದೇಶದ ಮನೆಮನೆಗೆ ಬಂದ. ಅವನ ಕಾಡಿನ ನಾಡಿಗೆ ಇಲ್ಲಿ ಡೆಂಕಾಲಿ ಎಂಬ ಹೆಸರೂ ಆಯಿತು. ಕಿಳ್ಳೇಕ್ಯಾತ ತೊಗಲು ಗೊಂಬೆಯಾಟದ ಹಾಸ್ಯಗಾರ, ಬಂಗಾರಕ್ಕನ ಗಂಡ. ಆಟವನ್ನು ಉಳಿಸಿಕೊಂಡು ಬಂದ ಸಮುದಾಯಕ್ಕೂ ಅದೇ ಹೆಸರಿದೆ. ಆದ್ದರಿಂದ ಅವನನ್ನು ಮೂಲೆಯಲ್ಲಿ ನಗಿಸಲು ನಿಲ್ಲಿಸುವುದು ನನಗೆ ಒಪ್ಪಿಗೆಯಿರಲಿಲ್ಲ. ಅವನೂ ಫ್ಯಾಂಟಮ್‌ನಷ್ಟೇ ದೊಡ್ಡದಾಗಿ ಕಾಣಬೇಕು. ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನೇ ತೊಗಲು ಗೊಂಬೆಯಾಗಿ ಪರದೆಗೆ ತಂದ ಊರು ನಮ್ಮದು. ಆ ಪರದೆಗೆ ಹೊಸಬರು ಹೊಸದಲ್ಲ.

ಮೌಸ್ ಮುಟ್ಟುವ ಮೊದಲು ಕಥೆ ಹುಡುಕಿದೆ. ಗೊಂಬೆ ಪೆಟ್ಟಿಗೆ ಕಳವಾಗಿದೆ. ಪರದೆಯ ಮೇಲೆ ಉಳಿದವನು ಕಿಳ್ಳೇಕ್ಯಾತ ಒಬ್ಬನೇ, ಕಳ್ಳನನ್ನು ಕಂಡವನೂ ಅವನೊಬ್ಬನೇ. ಅವನು ಕೈ ಚಾಚಿದ ದಿಕ್ಕಿಗೆ ಫ್ಯಾಂಟಮ್ ನೋಡುತ್ತಿದ್ದಾನೆ. ಇಷ್ಟು ಸಿಕ್ಕರೆ ಸಾಕು, ಯಾರು ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ.

ಕಷ್ಟವಿದ್ದದ್ದು ಬೆಳಕಿನಲ್ಲಿ. ಪೆನ್ಸಿಲ್ ಚಿತ್ರ ನೋಡಿದ ಹಿರಿಯ ಗೊಂಬೆಯಾಟಗಾರರೊಬ್ಬರು, "ತಮ್ಮಾ, ಗೊಂಬಿಗೆ ಬೆಳಕು ಮುಂದ್ಲಿಂದ ಬೀಳಲ್ಲ, ಹಿಂದ್ಲಿಂದ ಬರ್ತೈತಿ. ನಿನ್ನ ಮುಸುಕಿನವನಿಗೂ ಅದ ದೀಪ ಹಚ್ಚು" ಅಂದರು. ಇಡೀ ಮುಖಪುಟ ನಿಂತಿರುವುದು ಆ ಮಾತಿನ ಮೇಲೆ. ತೊಗಲನ್ನು ಹದಮಾಡಿ ತೆಳುವಾಗಿಸಿರುತ್ತಾರೆ. ದೀಪದ ಬೆಳಕು ಬಣ್ಣದೊಳಗಿಂದ ಹಾದು ಬರುತ್ತದೆ, ಉಳಿಯಲ್ಲಿ ಕೊರೆದ ತೂತುಗಳು ಒಡವೆಯಾಗಿ ಹೊಳೆಯುತ್ತವೆ. ಅವರ ಒಪ್ಪಿಗೆ ಪಡೆದು, ಗೊಂಬೆಯ ಹಿಂದೆ ಬಲ್ಬ್ ಇಟ್ಟು ಫೋಟೊ ತೆಗೆದೆ. ಹಳದಿ ಪರದೆಯ ಲೇಯರ್ ಕೆಳಗೆ, ಗೊಂಬೆ ಮೇಲೆ, ಮೋಡ್ ಮಲ್ಟಿಪ್ಲೈ, ಅಂದರೆ ಕೆಳಗಿನ ಹಳದಿ ಗೊಂಬೆಯ ಬಣ್ಣದೊಳಗೂ ಬೆರೆಯುವಂತೆ. ತೂತುಗಳನ್ನು ಮಾತ್ರ ಬೇರೆ ಲೇಯರಿನಲ್ಲಿ ಒಂದೊಂದಾಗಿ ಬೆಳಗಿಸಿದೆ. ಚಾಚಿದ ಕೈಯನ್ನೂ ಪ್ರತ್ಯೇಕ ಲೇಯರ್ ಮಾಡಿ, ನಿಜವಾದ ಗೊಂಬೆಯಲ್ಲಿ ದಾರ ಕಟ್ಟಿದ ಕೀಲು ಎಲ್ಲಿದೆಯೋ ಅಲ್ಲಿಂದಲೇ ತಿರುಗಿಸಿದೆ.

ಫ್ಯಾಂಟಮ್‌ನನ್ನು ಪರದೆಯ ಮುಂದೆ, ಅರ್ಧ ಬೆನ್ನು ನಮ್ಮ ಕಡೆಗೆ ಮಾಡಿ ಕೃತಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದೆ. ಮುಖ ಮಾತ್ರ ಗೊಂಬೆಯ ಮುಖದಂತೆ ಪೂರ್ತಿ ಪಕ್ಕಕ್ಕೆ. ಮೈಯೆಲ್ಲ ಗಾಢ ನೇರಳೆ ಮತ್ತು ಕಪ್ಪು. ಹೆಗಲು, ದವಡೆ, ಮುಷ್ಟಿಯ ಅಂಚಿಗೆ ಮಾತ್ರ ಪರದೆಯ ಹಳದಿ ಗೆರೆ. ನೆರಳು ನೋಡುವವರ ಕಡೆಗೆ ಚಾಚಿದೆ. ಹೀಗೆ ಚಿತ್ರ ಮಾಡುವವರು ಮಿರರ್ ಒತ್ತುವಾಗ ಎಚ್ಚರವಾಗಿರಬೇಕು. ಫ್ಯಾಂಟಮ್‌ನ ತಲೆಬುರುಡೆ ಉಂಗುರ ಬಲಗೈಯಲ್ಲಿ, ರಕ್ಷಣೆಯ ಗುರುತಿನ ಉಂಗುರ ಹೃದಯಕ್ಕೆ ಹತ್ತಿರವಾದ ಎಡಗೈಯಲ್ಲಿ. ಚಿತ್ರ ತಿರುಗಿಸಿದರೆ ಉಂಗುರಗಳೂ ಅದಲುಬದಲು! ಇಂದ್ರಜಾಲ ಓದಿ ಬೆಳೆದವರು ಮೊದಲು ನೋಡುವುದೇ ಅದನ್ನು.

ಬಣ್ಣಕ್ಕೆ ಹಳೆಯ ಅಚ್ಚಿನ ಕಟ್ಟುಪಾಡನ್ನೇ ಇಟ್ಟುಕೊಂಡೆ. ಹಿಂದಿನ ಅಮೆರಿಕನ್ ಕಾಮಿಕ್ಸ್‌ನಲ್ಲಿ ಸಯಾನ್, ಮೆಜೆಂಟಾ, ಹಳದಿ ಈ ಮೂರೂ 0, 25, 50, 100 ಶೇಕಡಾ ಪ್ರಮಾಣದಲ್ಲಿ ಸೇರಿ ಒಟ್ಟು 64 ಬಣ್ಣ, ಗೆರೆಗೆ ಕಪ್ಪು. ಅಷ್ಟರಲ್ಲೇ ಕೆಲಸ ಮಾಡಿದಾಗ ಫೋಟೊದಿಂದ ಬಂದ ಗೊಂಬೆ, ಕೈಯಿಂದ ಬರೆದ ಫ್ಯಾಂಟಮ್ ಒಂದೇ ಮನೆಯವರಾದರು. ಕೊನೆಗೆ ಫೋಟೊ ತಿದ್ದುವ ತಂತ್ರಾಂಶವಾದ ಗಿಂಪ್‌ನ ನ್ಯೂಸ್‌ಪ್ರಿಂಟ್ ಫಿಲ್ಟರ್‌ನಲ್ಲಿ ಹಳೆಯ ಅಚ್ಚಿನಂತೆ ಚುಕ್ಕೆ ಬಿಟ್ಟೆ. ಚುಕ್ಕೆಸಾಲಿನ ಓರೆ ಕಪ್ಪಿಗೆ 45 ಡಿಗ್ರಿ, ಮೆಜೆಂಟಾಗೆ 75, ಸಯಾನ್‌ಗೆ 15, ಹಳದಿಗೆ 0. ಗೊಂಬೆಯ ಕೊರೆದ ತೂತುಗಳ ಮೇಲೆ ಮಾತ್ರ ಚುಕ್ಕೆ ಬೀಳದಂತೆ ಮಾಸ್ಕ್ ಹಾಕಿದೆ. ಒಂದು ಕಡೆ ಶಾಯಿಯ ಚುಕ್ಕೆ, ಇನ್ನೊಂದು ಕಡೆ ಬೆಳಕಿನ ಚುಕ್ಕೆ. ಎರಡೂ ಪಕ್ಕಪಕ್ಕ ನಿಂತಾಗ ನನಗೆ ಆದ ಸಂತೋಷ ಬ್ಯಾನರಿನ ಕೆಲಸದಲ್ಲಿ ಎಂದೂ ಆಗಿಲ್ಲ. ಹಿನ್ನೆಲೆಯಲ್ಲಿ ಕೋಟೆ ಗುಡ್ಡ, ಬರೀ ಕಪ್ಪು ಆಕಾರ.

ಹೆಸರು ಬರೆಯುವುದಕ್ಕೆ ಫಾಂಟ್ ಬಳಸಲಿಲ್ಲ. ಇಂಗ್ಲಿಷ್ ಶೀರ್ಷಿಕೆಯ ದೊಡ್ಡಕ್ಷರಗಳಿಗೆ ಕೆಳಗೆ ಇಳಿಯುವ ಚಿಂತೆಯಿಲ್ಲ. ನಮ್ಮ 'ಕಿಳ್ಳೇಕ್ಯಾತ'ದಲ್ಲಿ ಒತ್ತುಗಳು ಇಳಿದು ಚಿತ್ರಕ್ಕೆ ತಾಗುತ್ತವೆ. ಅವುಗಳನ್ನು ಅಲ್ಲಿಂದ ಎಬ್ಬಿಸದೆ, ಳ ಒತ್ತನ್ನು ಪರದೆಯ ಕಟ್ಟಿಗೆ ತೂಗುಬಿದ್ದಂತೆ ಬರೆದೆ.

ಪುಟದ ಅಳತೆ ಈಗಿನ ಅಮೆರಿಕನ್ ಕಾಮಿಕ್ಸ್‌ನದು: ಅಗಲ 6.625 ಇಂಚು, ಎತ್ತರ 10.25 ಇಂಚು, 300 ಡಿಪಿಐ. ಫ್ಯಾಂಟಮ್‌ನ ಹಕ್ಕು ಬೇರೆಯವರದು, ಆದ್ದರಿಂದ ಇದನ್ನು ಮಾರುವುದಿಲ್ಲ, ಟೀಶರ್ಟ್‌ಗೂ ಕೊಡುವುದಿಲ್ಲ. ಎರಡು ಪ್ರಿಂಟ್ ತೆಗೆದೆ. ಒಂದು ನನ್ನ ಟೇಬಲ್ ಮೇಲಿದೆ, ಇನ್ನೊಂದನ್ನು ಆ ಹಿರಿಯರಿಗೆ ಕೊಟ್ಟೆ. ಬಂಗಾರಕ್ಕ ಎಲ್ಲಿ ಎಂದು ಕೇಳಿದರು. ಎರಡನೇ ಸಂಚಿಕೆಯ ಮುಖಪುಟ ಅವಳದು. ಪೆನ್ಸಿಲ್ ಕೆಲಸ ಶುರುವಾಗಿದೆ.