ಚರ್ಚಿನಲ್ಲಿ ಕ್ರಿಸ್ಮಸ್ ನಾಟಕ ಮಾಡಿಸುವವರಿಗೆ

ಬೇಳ, ಕುಂಬಳೆ, ಮಂಜೇಶ್ವರ ಕಡೆ ಈ ಸಲ ಮಕ್ಕಳ ನಾಟಕದ ಜವಾಬ್ದಾರಿ ಹೊತ್ತವರಿಗೆ ಒಂದು ಮಾತು. ಪ್ರಾಕ್ಟೀಸನ್ನು ಡಿಸೆಂಬರಿಗೆ ಇಟ್ಟುಕೊಳ್ಳಬೇಡಿ. ನಮ್ಮ ಕೇರಳದ ಶಾಲೆಗಳ ಕ್ರಿಸ್ಮಸ್ ಪರೀಕ್ಷೆ ಬರುವುದು ಆಗಲೇ, ಮನೆಯಲ್ಲಿ ಕುಸ್ವಾರ್, ಅಂದ್ರೆ ಕ್ರಿಸ್ಮಸ್ ತಿಂಡಿಗಳ ಕೆಲಸವೂ ಆಗಲೇ. ನೆವ್ರಿ ಕರಿಯುತ್ತಾ ಕೂತ ಅಮ್ಮಂದಿರು ಮಕ್ಕಳನ್ನು ಕರೆತರುವುದು ಹೇಗೆ, ಅಲ್ವಾ? ನವೆಂಬರಿನಲ್ಲೇ ಶುರು ಮಾಡಿ. ಭಾನುವಾರ ಧರ್ಮೋಪದೇಶದ ತರಗತಿ ಮುಗಿದ ಕೂಡಲೇ ಅರ್ಧ ಗಂಟೆ ಸಾಕು.

ಮಾತೆಲ್ಲ ದೊಡ್ಡವರೊಬ್ಬರು ಮೈಕಿನಲ್ಲಿ ಓದಲಿ, ಮಕ್ಕಳು ಬರೀ ಅಭಿನಯಿಸಲಿ. ಬೈಬಲಿನಲ್ಲಿ ಕುರುಬರ ಕಥೆ ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿದೆ, ಬಾಲಯೇಸುವಿಗೆ ಕಾಣಿಕೆ ತಂದ ಜ್ಞಾನಿಗಳದ್ದು ಮತ್ತಾಯನ 2ನೇ ಅಧ್ಯಾಯದಲ್ಲಿ. ಎರಡೂ ಸೇರಿಸಿದರೆ ಸ್ಕ್ರಿಪ್ಟ್ ಆಯ್ತು. ಪಾತ್ರ ಸಿಗಲಿಲ್ಲ ಅಂತ ಯಾರಾದರೂ ಮುಖ ಊದಿಸಿಕೊಂಡರೆ ಜ್ಞಾನಿಗಳ ಜೊತೆ ಸೇರಿಸಿಬಿಡಿ. ಜ್ಞಾನಿಗಳು ಮೂವರೇ ಎಂದು ಮತ್ತಾಯ ಬರೆದೇ ಇಲ್ಲ, ಮೂರು ಇರುವುದು ಕಾಣಿಕೆ!

ಕುರುಬರಿಗೆ ಬಾಡಿಗೆ ಡ್ರೆಸ್ ಸುಮ್ನೆ ಖರ್ಚು. ಅಜ್ಜನ ಪಂಚೆ, ತಲೆಗೊಂದು ಬೈರಾಸು (ಟವೆಲ್) ಸಾಕು. ಬರೀ ಗಂಟು ನಿಲ್ಲುವುದಿಲ್ಲ, ಹಿಂದೆ ಸೇಫ್ಟಿ ಪಿನ್ ಹಾಕಿ. ದೇವದೂತರ ರೆಕ್ಕೆ ಬಾಗಿಲಲ್ಲಿ ಸಿಕ್ಕಿಕೊಳ್ಳುವಷ್ಟು ಅಗಲ ಬೇಡ. ತೀರಾ ಚಿಕ್ಕವರು ಕುರಿಮರಿಗಳಾಗಲಿ. ಅವರ ಅಕ್ಕಂದಿರನ್ನೇ ಕುರುಬರ ಗುಂಪಿಗೆ ಹಾಕಿ. ಅತ್ತರೆ ಎತ್ತಿಕೊಳ್ಳಲು ಪಕ್ಕದಲ್ಲೇ ಜನ ಇರ್ತಾರೆ.